ಹಳೆಯ ಸಿನಿಮಾದ ಮೂಲಚಿತ್ರಗಳು: ಮಾಡಬೇಕಾದ್ದು, ಮಾಡಬಾರದ್ದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಟೆಂಟು, ಟಾಕೀಸು ನಡೆಸಿದವರ ಮಕ್ಕಳು ಮೊಮ್ಮಕ್ಕಳಿಗೆ, ಬೋರ್ಡು ಬ್ಯಾನರು ಬರೆದು ಬದುಕಿದ ಕಲಾವಿದರಿಗೆ, ಅವರ ಮನೆಯವರಿಗೆ, ಸಿನಿಮಾ ಚಿತ್ರಗಳ ಸಂಗ್ರಹಕ್ಕೆ ಹೊಸದಾಗಿ ಕೈಹಾಕಿರುವ ಯುವಜನರಿಗೆ ಈ ಸೂಚನೆ.

ಮೂಲಚಿತ್ರ ಎಂದರೆ ಕೈಯಿಂದ ಬರೆದದ್ದು. ಸೆಟ್ಟು ಕಟ್ಟುವ ಮೊದಲು ಕಲಾ ನಿರ್ದೇಶಕ ಬರೆದ ನಕ್ಷೆ, ವೇಷಭೂಷಣದ ಚಿತ್ರ, ಅಚ್ಚಿಗೆ ಹೋಗುವ ಮುನ್ನ ಪೋಸ್ಟರಿಗಾಗಿ ಬಣ್ಣದಲ್ಲಿ ಬರೆದ ಹಾಳೆ, ಬಟ್ಟೆಯ ಮೇಲಿನ ಬ್ಯಾನರು, ‘ಮುಂದಿನ ಬದಲಾವಣೆ’ ಎಂದು ಬರೆದು ತೆರೆಯ ಮೇಲೆ ಬಿಡುತ್ತಿದ್ದ ಗಾಜಿನ ಸ್ಲೈಡು ಎಲ್ಲವೂ ಇದರಲ್ಲಿ ಸೇರುತ್ತವೆ. ಅಚ್ಚಾದ ಪೋಸ್ಟರು, ಹಾಡಿನ ಪುಸ್ತಕ, ಫೋಟೊ ಕಾರ್ಡುಗಳು ಮೂಲಚಿತ್ರಗಳಲ್ಲ. ಆದರೂ ಜೋಪಾನದ ನಿಯಮಗಳು ಅವಕ್ಕೂ ಅನ್ವಯಿಸುತ್ತವೆ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಎಷ್ಟೋ ಸಲ ಸಿನಿಮಾ ಅಳಿದು ಕಾಗದ ಉಳಿಯುತ್ತದೆ. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಇಂದು ನಮ್ಮಲ್ಲಿಲ್ಲ. ಬರ್ಲಿನ್‌ನಲ್ಲಿ 1927ರಲ್ಲಿ ಬಿಡುಗಡೆಯಾದ ಫ್ರಿಟ್ಜ್ ಲ್ಯಾಂಗ್ ಅವರ ‘ಮೆಟ್ರೊಪೊಲಿಸ್’ ಕತ್ತರಿಗೆ ಸಿಕ್ಕಿ, ಕಳೆದ ದೃಶ್ಯಗಳ ಬಹುಪಾಲು ಸಿಕ್ಕಿದ್ದು 2008ರಲ್ಲಿ, ದೂರದ ಬ್ಯೂನಸ್ ಐರಿಸ್‌ನಲ್ಲಿ. ಆ ಚಿತ್ರದ ಮುಗಿಲೆತ್ತರದ ನಗರವನ್ನು ಎರಿಕ್ ಕೆಟ್ಟೆಲ್‌ಹಟ್ ಮೊದಲು ಕಾಗದದ ಮೇಲೆ ಕಟ್ಟಿದ್ದರು. ಸೆಟ್ಟುಗಳು ಹೋದವು, ಅವರ ಚಿತ್ರಗಳು ಉಳಿದವು. ‘ಸ್ಟಾರ್ ವಾರ್ಸ್’ ತೆರೆಗೆ ಬಂದದ್ದು 1977ರಲ್ಲಿ. ಮರುಭೂಮಿಯಲ್ಲಿ ನಿಂತ ಎರಡು ರೋಬಾಟುಗಳನ್ನು ರಾಲ್ಫ್ ಮೆಕ್‌ಕ್ವಾರಿ 1975ರಲ್ಲೇ ಬಣ್ಣದಲ್ಲಿ ಬರೆದಿಟ್ಟಿದ್ದರು. ‘ಏಲಿಯನ್’ ಚಿತ್ರದ (1979) ಭಯಂಕರ ಪ್ರಾಣಿ ಹುಟ್ಟಿದ್ದು ಎಚ್.ಆರ್. ಗೀಗರ್ 1976ರಲ್ಲಿ ಬರೆದ ಒಂದು ವರ್ಣಚಿತ್ರದಿಂದ. ‘ಬ್ಲೇಡ್ ರನ್ನರ್’ನ (1982) ಕಾರುಗಳು, ಬೀದಿಗಳು ಸಿಡ್ ಮೀಡ್ ಅವರ ಕುಂಚದಲ್ಲಿ ಮೊದಲು ಓಡಿದವು.

ಕಾಣದ ಲೋಕವನ್ನು ಕಣ್ಣಿಗೆ ಕಟ್ಟುವ ಕೆಲಸ ನಮ್ಮಲ್ಲಿ ಬಹುಕಾಲ ಪೌರಾಣಿಕ, ಜಾನಪದ ಚಿತ್ರಗಳ ಪಾಲಿಗೆ ಬಂದಿತ್ತು. ಈ ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತ ಹುಣಸೂರು ಕೃಷ್ಣಮೂರ್ತಿಯವರು ‘ಸತ್ಯ ಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974), ‘ಬಭ್ರುವಾಹನ’ (1977) ನಿರ್ದೇಶಿಸಿದವರು. ದೊರೆ–ಭಗವಾನ್ ಅವರ ‘ಜೇಡರ ಬಲೆ’ (1968) ಸಿ.ಐ.ಡಿ. 999 ಎಂಬ ಗೂಢಚಾರನನ್ನು ತಂದಿತು. 2002ರ ‘ಹಾಲಿವುಡ್’ನಲ್ಲಿ ಉಪೇಂದ್ರ ರೋಬಾಟೂ ಆದರು. ಇಂಥ ಪ್ರತಿಯೊಂದು ಚಿತ್ರದ ಹಿಂದೆಯೂ ಯಾರೋ ಒಬ್ಬರು ಕೂತು ಅರಮನೆ, ಕಿರೀಟ, ಆಯುಧ, ಯಂತ್ರಗಳನ್ನು ಕಾಗದದ ಮೇಲೆ ಮೂಡಿಸಿದ್ದಾರೆ. ಅವರಲ್ಲಿ ಬಹಳ ಮಂದಿಯ ಹೆಸರು ನಮಗೆ ಗೊತ್ತಿಲ್ಲ. ಅವರ ಕೈಬರಹ ರದ್ದಿ ಅಂಗಡಿಗೆ ಹೋಗುವುದನ್ನು ನಾವು ಇನ್ನು ಸಹಿಸಬಾರದು.

ಮಾಡಬೇಕಾದ್ದು

1. ಮೊದಲು ಹೆಸರು ಕೇಳಿ ಬರೆದಿಡಿ. ಚಿತ್ರ ಯಾರು ಬರೆದದ್ದು, ಯಾವ ಸಿನಿಮಾಕ್ಕೆ, ಸುಮಾರು ಯಾವ ವರ್ಷ, ಯಾರ ಮನೆಯಿಂದ ಯಾರ ಕೈಗೆ ಬಂತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ದಾಖಲಿಸಿ. ಬ್ಯಾನರು ಬರೆದ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮುಂದೆ ಕುಳಿತು ಕೇಳಿ: ಯಾವ ಬಣ್ಣ ಬಳಸುತ್ತಿದ್ದಿರಿ, ಚೌಕ ಹಾಕಿ ಮುಖವನ್ನು ಹೇಗೆ ಹಿಗ್ಗಿಸುತ್ತಿದ್ದಿರಿ, ಸಹಾಯಕ್ಕೆ ಯಾರಿದ್ದರು? ಒಪ್ಪಿಗೆ ಪಡೆದು ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ. ಹಾಳೆಗೆ ಗುರುತು ಹಾಕಲೇಬೇಕಾದರೆ ಹಿಂಬದಿಯ ಅಂಚಿನಲ್ಲಿ ಮೆದು ಪೆನ್ಸಿಲಿನಿಂದ ಸಣ್ಣದಾಗಿ ಬರೆಯಿರಿ. ಬಾಲ್‌ಪೆನ್ನು, ಸ್ಕೆಚ್‌ಪೆನ್ನು, ರಬ್ಬರು ಮೊಹರು ಬೇಡ.

2. ಬೇರೇನು ಮಾಡುವ ಮುನ್ನವೂ ಫೋಟೊ ತೆಗೆಯಿರಿ. ಮುಂಬದಿ, ಹಿಂಬದಿ, ಅಂಚಿನ ಬರಹ, ಹರಿದ ಜಾಗ ಎಲ್ಲವನ್ನೂ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದು ಎರಡು ಬೇರೆ ಬೇರೆ ಕಡೆ ಉಳಿಸಿ. ಸತ್ಯಜಿತ್ ರೇ ಅವರು ‘ಪಥೇರ್ ಪಾಂಚಾಲಿ’ಗಾಗಿ ದೃಶ್ಯ ದೃಶ್ಯವಾಗಿ ಬರೆದ ಚಿತ್ರಪುಸ್ತಕವನ್ನು ಪ್ಯಾರಿಸ್ಸಿನ ಚಲನಚಿತ್ರ ಸಂಗ್ರಹಾಲಯಕ್ಕೆ ಕೊಟ್ಟಿದ್ದರು. ಮೂಲಪುಸ್ತಕ ಕಾಣೆಯಾಯಿತು. ಸ್ಕ್ಯಾನ್ ಪ್ರತಿ ಇದ್ದುದರಿಂದ ಮಾತ್ರ ಅದು 2016ರಲ್ಲಿ ಮತ್ತೆ ಪುಸ್ತಕವಾಗಿ ಓದುಗರ ಕೈಗೆ ಬಂತು. ದೊಡ್ಡ ಸಂಸ್ಥೆಯಲ್ಲೇ ಹೀಗಾಗಬಹುದಾದರೆ ಮನೆಯ ಟ್ರಂಕಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

3. ಮೂಲವೋ ಮುದ್ರಣವೋ ಎಂದು ಭೂತಗನ್ನಡಿ ಹಿಡಿದು ನೋಡಿ. ಆಫ್‌ಸೆಟ್ ಮುದ್ರಣವಾದರೆ ಮುಖದ ಬಣ್ಣವೆಲ್ಲ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುತ್ತದೆ. ಕೈಯಿಂದ ಬರೆದದ್ದಾದರೆ ಕುಂಚದ ಎಳೆ, ಬಣ್ಣದ ದಪ್ಪ, ಕೆಳಗಿನ ಪೆನ್ಸಿಲ್ ಗೆರೆ, ಬಿಳಿ ಬಣ್ಣದಲ್ಲಿ ತಿದ್ದಿದ ಜಾಗ, ಅಂಟಿಸಿದ ಅಕ್ಷರದ ಚೂರು, ಪ್ರೆಸ್ಸಿನವರಿಗೆ ಅಂಚಿನಲ್ಲಿ ಬರೆದ ಅಳತೆ ಕಾಣುತ್ತವೆ. ದೀಪವನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದರೆ ಇವು ಇನ್ನೂ ಚೆನ್ನಾಗಿ ಎದ್ದು ಕಾಣುತ್ತವೆ. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವ ಪದ್ಧತಿ ಬಂದದ್ದು 1950ರ ಸುಮಾರಿಗೆ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಬಿಟ್ಟಾಗ 1930ರ ದಶಕದ್ದೆಂದು ಹೇಳುವ ಹಾಳೆ ನೀಲಿಬಿಳುಪಾಗಿ ಹೊಳೆದರೆ ಅನುಮಾನಿಸಿ. ಅಂಥ ಮಾಲಿಗೆ ದುಡ್ಡು ಕೊಡಬೇಡಿ.

4. ಚಿತ್ರ ಯಾವ ಕೆಲಸಕ್ಕೆ ಬರೆದದ್ದು ಎಂಬುದನ್ನು ಗುರುತಿಸಿ. ಕಪ್ಪುಬಿಳುಪು ಚಿತ್ರಗಳ ವಿಷಯದಲ್ಲಿ ಇದು ಬಹಳ ಮುಖ್ಯ. ವೇಷಭೂಷಣಕ್ಕಾಗಿ ಬರೆದ ಬಣ್ಣದ ನಕ್ಷೆ ಸಿಕ್ಕರೆ ಆ ಉಡುಪಿಗೆ ಯಾವ ಬಣ್ಣ ಯೋಚಿಸಿದ್ದರು ಎಂಬುದಕ್ಕೆ ಅದು ಸಾಕ್ಷಿ. ಪೋಸ್ಟರಿನ ಬಣ್ಣ ಹಾಗಲ್ಲ. ಪ್ರಚಾರದ ಕಲಾವಿದ ಎದುರಿಗೆ ಕಪ್ಪುಬಿಳುಪು ಫೋಟೊ ಇಟ್ಟುಕೊಂಡು ತನ್ನ ಮನಸ್ಸಿಗೆ ಬಂದ ಕೆಂಪು, ಹಳದಿ ತುಂಬುತ್ತಿದ್ದ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಕಂಪ್ಯೂಟರಿನ ನೆರವಿನಿಂದ ಬಣ್ಣ ತುಂಬಿಕೊಂಡು ಮರುಬಿಡುಗಡೆಯಾಯಿತು. ಅಂಥ ಕೆಲಸ ಮುಂದೆ ಮಾಡುವವರಿಗೆ ಒಂದು ವೇಷಭೂಷಣ ನಕ್ಷೆ ನೂರು ಪೋಸ್ಟರಿಗಿಂತ ಹೆಚ್ಚು ಹೇಳುತ್ತದೆ.

5. ಕಾಗದವನ್ನು ಚಪ್ಪಟೆಯಾಗಿ ಮಲಗಿಸಿ ಇಡಿ. ಹಾಳೆಗೂ ಹಾಳೆಗೂ ನಡುವೆ ಆಮ್ಲವಿಲ್ಲದ ಕಾಗದ ಹಾಕಿ. ದೊಡ್ಡ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಸಿಗುವವರೆಗೆ ಒಗೆದು ಒಣಗಿಸಿದ ಗಂಜಿಯಿಲ್ಲದ ಬಿಳಿ ಹತ್ತಿಬಟ್ಟೆ ಸಾಕು. ಹಳೆಯ ನ್ಯೂಸ್‌ಪೇಪರು ಮಾತ್ರ ಬೇಡ. ಅದರ ಆಮ್ಲ ಪಕ್ಕದ ಹಾಳೆಗೂ ಇಳಿದು ಹಳದಿಯಾಗಿಸುತ್ತದೆ. ಇದ್ದಿಲು, ಸೀಮೆಸುಣ್ಣದಂಥ ಪುಡಿಯಾಗುವ ಬಣ್ಣದ ಚಿತ್ರಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ. ಪ್ಲಾಸ್ಟಿಕ್ಕು ಆ ಪುಡಿಯನ್ನು ಎಳೆದುಕೊಳ್ಳುತ್ತದೆ.

6. ಬ್ಯಾನರನ್ನು ಮಡಿಸದೆ ಸುತ್ತಿಡಿ. ಮಡಿಕೆ ಬಿದ್ದಲ್ಲೆಲ್ಲ ಬಣ್ಣ ಸೀಳಿ ಉದುರುತ್ತದೆ. ಅಗಲವಾದ ರಟ್ಟಿನ ಕೊಳವೆಗೆ ಹತ್ತಿಬಟ್ಟೆ ಸುತ್ತಿ, ಅದರ ಮೇಲೆ ಬ್ಯಾನರನ್ನು ಬಣ್ಣದ ಮುಖ ಹೊರಗಿರುವಂತೆ ಸಡಿಲವಾಗಿ ಸುತ್ತಿ. ಮುಖ ಒಳಗಿಟ್ಟು ಬಿಗಿಯಾಗಿ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ನೆರಿಗೆ ಬೀಳುತ್ತದೆ. ಸಿನಿಮಾ ಹೋದ ಮೇಲೆ ಅದೇ ಬಟ್ಟೆಗೆ ಮತ್ತೆ ಬಳಿದು ಹೊಸ ಚಿತ್ರ ಬರೆಯುವುದು ವಾಡಿಕೆಯಾಗಿತ್ತು. ಹಾಗಾಗಿ ಉಳಿದಿರುವ ಒಂದೊಂದು ಬ್ಯಾನರೂ ಅಪರೂಪದ್ದು.

7. ಗಾಜಿನ ಸ್ಲೈಡುಗಳನ್ನು ಅಂಚಿನಲ್ಲಿ ಹಿಡಿದು, ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ನಿಲ್ಲಿಸಿ ಇಡಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಒಡೆಯುತ್ತವೆ. ಊರಿನ ಬಟ್ಟೆ ಅಂಗಡಿ, ಹೋಟೆಲು, ಸೈಕಲ್ ಶಾಪುಗಳ ಜಾಹೀರಾತಿನ ಸ್ಲೈಡುಗಳನ್ನು ಸಿನಿಮಾದ್ದಲ್ಲವೆಂದು ಎಸೆಯಬೇಡಿ. ಅವು ನಿಮ್ಮ ಊರಿನ ಚರಿತ್ರೆ, ನಿಮ್ಮ ಊರಿನ ಬೋರ್ಡು ಕಲಾವಿದನ ಅಕ್ಷರ.

8. ಮಳೆಗಾಲಕ್ಕೆ ಮೊದಲೇ ಸಿದ್ಧರಾಗಿ. ನಾಗರಹೊಳೆ ಕಡೆಯ ಗಾಳಿ ಮಳೆ ಹಿಡಿದರೆ ನಮ್ಮ ಮನೆಗಳ ಗೋಡೆ ವಾರಗಟ್ಟಲೆ ಶೀತ ಬಿಡುವುದಿಲ್ಲ. ಪೆಟ್ಟಿಗೆಯನ್ನು ನೆಲದಿಂದ ಅರ್ಧ ಅಡಿ ಮೇಲೆ, ಹೊರಗೋಡೆಯಿಂದ ದೂರದಲ್ಲಿ, ಗಾಳಿಯಾಡುವ ಒಳಕೋಣೆಯಲ್ಲಿಡಿ. ತಿಂಗಳಿಗೊಮ್ಮೆ ತೆರೆದು ಗೆದ್ದಲು, ಜಿರಳೆ, ಬೂಷ್ಟು ಇದೆಯೇ ನೋಡಿ. ನೆನೆದರೆ ಕೂಡಲೇ ಹಾಳೆಗಳನ್ನು ಬಿಡಿಸಿ ನೆರಳಿನಲ್ಲಿ ಫ್ಯಾನ್ ಗಾಳಿಗೆ ಹರಡಿ. ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸದೆ, ಕಾಗದ ಸಂರಕ್ಷಣೆ ತಿಳಿದವರ ಹತ್ತಿರ ಒಯ್ಯಿರಿ.

9. ಕೊಂಡಾಗ, ಕೊಟ್ಟಾಗ ರಸೀದಿ ಬರೆಯಿರಿ. ಏನು, ಎಷ್ಟು, ಯಾರಿಂದ, ಯಾವ ದಿನ, ಯಾವ ಸ್ಥಿತಿಯಲ್ಲಿ ಎಂದು ಬರೆದು ಇಬ್ಬರೂ ಸಹಿ ಹಾಕಿ. ಎರವಲು ಕೊಟ್ಟರೂ ಹಾಗೆಯೇ ಮಾಡಿ. ಚಿತ್ರದ ಬೆನ್ನಿಗೆ ಈ ಕಾಗದವಿಲ್ಲದಿದ್ದರೆ ಮುಂದೆ ಯಾರೂ ನಂಬುವುದಿಲ್ಲ.

10. ನಿಮ್ಮ ನಂತರ ಯಾರು ನೋಡಿಕೊಳ್ಳಬೇಕು ಎಂದು ಈಗಲೇ ತೀರ್ಮಾನಿಸಿ. ಮನೆಯಲ್ಲಿ ಆಸಕ್ತಿಯಿರುವವರು ಇಲ್ಲವಾದರೆ ಸಂಸ್ಥೆಗೆ ಕೊಡುವ ಮಾತಾಡಿ. 1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ರೀಲುಗಳ ಜೊತೆಗೆ ಪೋಸ್ಟರು, ಹಾಡಿನ ಪುಸ್ತಕ, ಸ್ಥಿರಚಿತ್ರಗಳನ್ನೂ ಕಾಯುತ್ತಿದೆ. ಬೆಂಗಳೂರಿನಲ್ಲಿ ಕರ್ನಾಟಕ ಚಲನಚಿತ್ರ ಅಕಾಡೆಮಿ ಇದೆ. ಕೊಡುವಾಗ ಕಲಾವಿದನ ಹೆಸರು ದಾಖಲಾಗಬೇಕು ಎಂಬ ಷರತ್ತನ್ನು ಬರವಣಿಗೆಯಲ್ಲೇ ಹಾಕಿ.

ಮಾಡಬಾರದ್ದು

1. ಹೊಸದು ಮಾಡಬೇಡಿ. ಮಾಸಿದ ಮುಖಕ್ಕೆ ಬಣ್ಣ ಹಚ್ಚುವುದು, ಅಳಿಸಿದ ಗೆರೆಯ ಮೇಲೆ ಮತ್ತೆ ಗೆರೆ ಎಳೆಯುವುದು, ಹಳದಿ ತಿರುಗಿದ ಅಂಚನ್ನು ಕತ್ತರಿಸುವುದು ಎಲ್ಲವೂ ನಾಶವೇ. ಕತ್ತರಿಸಿದ ಅಂಚಿನಲ್ಲೇ ಕಲಾವಿದನ ಸಹಿಯೋ ಪ್ರೆಸ್ಸಿನ ಟಿಪ್ಪಣಿಯೋ ಇರುತ್ತದೆ. ಮಾಸಿದ್ದು ಮಾಸಿದಂತೆಯೇ ಇರಲಿ. ಬಣ್ಣ ತುಂಬಿ ನೋಡುವ ಆಸೆಯಿದ್ದರೆ ಫೋಟೊ ಪ್ರತಿಯ ಮೇಲೆ ತುಂಬಿ.

2. ಲ್ಯಾಮಿನೇಷನ್ ಮಾಡಿಸಬೇಡಿ. ಸೆಲ್ಲೋಟೇಪು ಅಂಟಿಸಬೇಡಿ. ಫೆವಿಕಾಲ್ ಬಳಿದು ಪ್ಲೈವುಡ್ಡಿಗೆ ಮೆತ್ತಿಸಬೇಡಿ. ಇವುಗಳನ್ನು ಆಮೇಲೆ ತೆಗೆಯಲು ಆಗುವುದಿಲ್ಲ. ಟೇಪಿನ ಅಂಟು ಕಾಗದದೊಳಗೆ ಇಳಿದು ಕಂದುಬಣ್ಣದ ಕಲೆ ಉಳಿಸುತ್ತದೆ. ಹರಿದಿದ್ದರೆ ಹರಿದಂತೆಯೇ ಒಂದು ರಟ್ಟಿನ ಮೇಲೆ ಮಲಗಿಸಿಡಿ.

3. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಪೋಸ್ಟರ್ ಕಲರ್, ಜಲವರ್ಣಗಳು ಎಷ್ಟು ವರ್ಷವಾದರೂ ನೀರಿಗೆ ಕರಗುತ್ತವೆ; ಒಂದು ಸಲ ಒರೆಸಿದರೆ ಮುಖವೇ ಬಟ್ಟೆಗೆ ಬರುತ್ತದೆ. ಬಣ್ಣ ಗಟ್ಟಿಯಾಗಿದ್ದರೆ ಮಾತ್ರ ಮೆತ್ತನೆಯ ಒಣ ಬ್ರಷ್ಷಿನಿಂದ ದೂಳು ತೆಗೆಯಿರಿ. ಗಾಜಿನ ಸ್ಲೈಡಿನ ಬರೆದ ಮುಖಕ್ಕೂ ಇದೇ ನಿಯಮ.

4. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ, ಅದರ ಪಕ್ಕದ ಕೋಣೆಯಲ್ಲಿ, ಅಡುಗೆಮನೆಯ ಅಟ್ಟದಲ್ಲಿ ಇಡಬೇಡಿ. ಸೊಪ್ಪು ಹದ ಮಾಡುವ ದಿನಗಳಲ್ಲಿ ಬ್ಯಾರನ್ನಿನ ಕಾವು ಏರುತ್ತದೆ, ಇಳಿಯುತ್ತದೆ. ಕಾಗದ ಒಣಗಿ ಮುರಿಯುತ್ತದೆ, ಬಣ್ಣ ಚಕ್ಕೆಯೇಳುತ್ತದೆ. ಹೆಂಚಿನ ಮನೆಯ ಅಟ್ಟದಲ್ಲೂ ಬೇಸಿಗೆಯ ಕಾವು, ಮಳೆಯ ಸೋರಿಕೆ ಎರಡೂ ಇವೆ. ಅಟ್ಟ ಸುರಕ್ಷಿತ ಎಂಬ ನಂಬಿಕೆ ಬಿಡಿ.

5. ಬಿಸಿಲು ಬೀಳುವ ಗೋಡೆಗೆ ನೇತುಹಾಕಬೇಡಿ. ಬೆಳಕಿನ ಹಾನಿ ದಿನದಿನವೂ ಕೂಡಿಕೊಳ್ಳುತ್ತಾ ಹೋಗುತ್ತದೆ. ಕತ್ತಲಲ್ಲಿಟ್ಟರೂ ಹೋದ ಬಣ್ಣ ಮರಳುವುದಿಲ್ಲ. ಹಬ್ಬಕ್ಕೋ ಪ್ರದರ್ಶನಕ್ಕೋ ಕೆಲವು ದಿನ ಮೂಲವನ್ನು ಹಾಕಿ, ಉಳಿದ ದಿನ ಒಳ್ಳೆಯ ಪ್ರತಿಯನ್ನು ಗೋಡೆಗೆ ಹಾಕಿ.

6. ನುಸಿಗುಳಿಗೆಯನ್ನು ಹಾಳೆಗಳ ನಡುವೆ ಇಡಬೇಡಿ, ಹಸಿ ಬೇವಿನ ಸೊಪ್ಪನ್ನೂ ಇಡಬೇಡಿ. ಹಸಿ ಸೊಪ್ಪಿನ ತೇವದಿಂದ ಕಲೆ ಬೀಳುತ್ತದೆ. ಗುಳಿಗೆಯ ಗಾಳಿ ಉಸಿರಾಟಕ್ಕೂ ಒಳ್ಳೆಯದಲ್ಲ. ಒಣ ಜಾಗ, ತಿಂಗಳಿಗೊಮ್ಮೆ ಪರಿಶೀಲನೆ ಇವೇ ಹುಳುವಿಗೆ ಮದ್ದು.

7. ಹಳೆಯ ರೀಲು ಸಿಕ್ಕರೆ ಬೆಂಕಿಯ ಹತ್ತಿರ ಒಯ್ಯಬೇಡಿ, ಕಿಟಕಿಯಿಲ್ಲದ ಕೋಣೆಯಲ್ಲಿ ಪೇರಿಸಬೇಡಿ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಹೊತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಕೊಟ್ಟುಕೊಳ್ಳುತ್ತದೆ. ನೀರು ಸುರಿದರೂ ಆರುವುದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿಗೆ ಸಾವಿರಾರು ರೀಲುಗಳು ಆಹುತಿಯಾದವು. ಹುಳಿ ವಾಸನೆ ಬರುವ ರೀಲು ನೈಟ್ರೇಟ್ ನಂತರದ ಕಾಲದ ಅಸಿಟೇಟ್ ಫಿಲ್ಮು, ಅದು ಕೊಳೆಯುತ್ತಿದೆ ಎಂದರ್ಥ. ಅದನ್ನು ಚಿತ್ರಗಳ ಜೊತೆ ಇಡಬೇಡಿ. ಎರಡು ಬಗೆಯ ರೀಲುಗಳನ್ನೂ ಸಂಗ್ರಹಾಲಯದವರ ಗಮನಕ್ಕೆ ತನ್ನಿ.

8. ಜೊತೆಯಲ್ಲಿರುವುದನ್ನು ಒಡೆದು ಮಾರಬೇಡಿ. ಒಂದು ಸಿನಿಮಾದ ಹತ್ತು ನಕ್ಷೆಗಳು ಒಟ್ಟಿಗಿದ್ದರೆ ಕಲಾವಿದನ ಆಲೋಚನೆ ಹೇಗೆ ಬದಲಾಯಿತು ಎಂದು ತಿಳಿಯುತ್ತದೆ. ಚೆಂದದ ಎರಡು ಮಾರಿ ಉಳಿದದ್ದನ್ನು ಎಸೆದರೆ ಆ ಕಥೆ ಅಲ್ಲಿಗೇ ಮುಗಿಯಿತು.

9. ದೂರದ ಬೆಲೆ ಕೇಳಿ ಮನೆಬಾಗಿಲಲ್ಲಿ ಬೆಲೆ ಕಟ್ಟಬೇಡಿ. ‘ಮೆಟ್ರೊಪೊಲಿಸ್’ನ ಒಂದು ಪೋಸ್ಟರು 2005ರಲ್ಲಿ 6,90,000 ಡಾಲರಿಗೆ ಮಾರಾಟವಾಯಿತು, ನಿಜ. ಅದು ನಾಲ್ಕೇ ಪ್ರತಿ ಉಳಿದಿರುವುದಾಗಿ ತಿಳಿದಿರುವ ಪೋಸ್ಟರು. ಅದನ್ನು ತೋರಿಸಿ ನಿಮ್ಮಲ್ಲಿರುವುದಕ್ಕೆ ಲಕ್ಷ ಹೇಳುವವನನ್ನೂ ನಂಬಬೇಡಿ, ರದ್ದಿ ಬೆಲೆಗೆ ಕೇಳುವವನಿಗೂ ಕೊಡಬೇಡಿ. ಕಷ್ಟದಲ್ಲಿರುವ ಹಿರಿಯ ಕಲಾವಿದರ ಮನೆಗೆ ಹೋಗಿ, ಅವರಿಗೆ ಬೆಲೆ ಗೊತ್ತಿಲ್ಲವೆಂದು ಕಟ್ಟುಗಟ್ಟಲೆ ಎತ್ತಿಕೊಂಡು ಬರುವುದು ಸಂಗ್ರಹವಲ್ಲ, ವಂಚನೆ.

10. ಚಿತ್ರ ಕೊಂಡಿರೆಂದು ಅದರ ಹಕ್ಕೂ ನಿಮ್ಮದಾಯಿತು ಎಂದುಕೊಳ್ಳಬೇಡಿ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಹಾಳೆಯ ಒಡೆತನ ಬೇರೆ, ಅದನ್ನು ಅಚ್ಚು ಹಾಕುವ ಹಕ್ಕು ಬೇರೆ. ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಉಳಿಯುತ್ತದೆ. ಟೀ ಶರ್ಟು, ಕ್ಯಾಲೆಂಡರು ಮಾಡಿಸುವ ಮುನ್ನ ಹಕ್ಕುದಾರರ ಒಪ್ಪಿಗೆ ಪಡೆಯಿರಿ. ಅದೇ ಕಾಯಿದೆಯ 53ಎ ಕಲಮು ಇನ್ನೊಂದು ಮಾತು ಹೇಳುತ್ತದೆ: ಮೂಲಚಿತ್ರ 10,000 ರೂಪಾಯಿಗೂ ಹೆಚ್ಚಿಗೆ ಮರುಮಾರಾಟವಾದರೆ, ಮೊದಲ ಹಕ್ಕು ಕಲಾವಿದನದೇ ಆಗಿದ್ದಲ್ಲಿ ಅವನಿಗೆ ಅಥವಾ ವಾರಸುದಾರರಿಗೆ ಆ ಬೆಲೆಯಲ್ಲಿ ಪಾಲು ಇದೆ, ಅದು ಶೇ 10ನ್ನು ಮೀರುವಂತಿಲ್ಲ. ಈ ಪಾಲನ್ನು ಕೇಳುವವರಿಲ್ಲವೆಂದು ಮುಚ್ಚಿಡಬೇಡಿ.

11. ನೂರು ವರ್ಷ ತುಂಬಿದ್ದನ್ನು ಹೊರದೇಶಕ್ಕೆ ಕಳಿಸಬೇಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ ನೂರು ವರ್ಷ ದಾಟಿದ ಕಲಾಕೃತಿಯನ್ನು ಪ್ರಾಚ್ಯವಸ್ತು ಎನ್ನುತ್ತದೆ. ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ. ‘ಸತಿ ಸುಲೋಚನಾ’ ಕಾಲದ ಕಾಗದಗಳಿಗೆ 2034ರಲ್ಲಿ ನೂರು ತುಂಬುತ್ತದೆ.

12. ಸುಳ್ಳು ನಂಟು ಕಟ್ಟಬೇಡಿ. ಎಚ್.ಡಿ. ಕೋಟೆಯ ಕಾರಾಪುರದ ಸಾಬು ದಸ್ತಗೀರ್ ಎಂಬ ಹುಡುಗ 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆ ಪರಿಚಯವಾದದ್ದು ಸತ್ಯ. ಮಾಸ್ತಿಯವರ ನಾಟಕದಿಂದ ಸಿ.ಆರ್. ಸಿಂಹ ಅವರು ‘ಕಾಕನಕೋಟೆ’ (1977) ಮಾಡಿದ್ದೂ ಸತ್ಯ. ಅಷ್ಟಕ್ಕೇ ಆನೆಯ ಚಿತ್ರವಿರುವ ಪ್ರತಿಯೊಂದು ಹಳೆಯ ಹಾಳೆಯೂ ಆ ಸಿನಿಮಾಗಳದ್ದಾಗುವುದಿಲ್ಲ. ಸಾಕ್ಷಿಯಿಲ್ಲದ ಕಡೆ ‘ಗೊತ್ತಿಲ್ಲ’ ಎಂದೇ ಬರೆಯಿರಿ. ಒಂದು ಸುಳ್ಳು ಸೇರಿದರೆ ಇಡೀ ಸಂಗ್ರಹದ ಮೇಲಿನ ನಂಬಿಕೆ ಹೋಗುತ್ತದೆ.

ಕೊನೆಯ ಮಾತು

ಇವುಗಳಲ್ಲಿ ಎಲ್ಲವನ್ನೂ ನಾಳೆಯೇ ಮಾಡಲು ಆಗದಿದ್ದರೆ ಎರಡನ್ನು ಮಾತ್ರ ಇಂದೇ ಮಾಡಿ: ಕಲಾವಿದನ ಹೆಸರು ಬರೆದಿಡಿ, ಚಿತ್ರವನ್ನು ಇದ್ದ ಹಾಗೆಯೇ ಬಿಡಿ. ನಟರ ಹೆಸರು ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಬಂದಿದೆ. ಆ ಅಕ್ಷರ ಬರೆದವನ ಹೆಸರು ಎಲ್ಲೂ ಬಂದಿಲ್ಲ. ಅದನ್ನು ಬರೆಯುವ ಕೆಲಸ ನಮ್ಮದು. ನಿಮ್ಮ ಬೀದಿಯಲ್ಲಿ ಬ್ಯಾನರು ಬರೆದ ಅಜ್ಜ ಇದ್ದರೆ ಈ ಭಾನುವಾರವೇ ಹೋಗಿ ಮಾತಾಡಿಸಿ.